ತರಬೇತುದಾರನ ಮನೋಧರ್ಮ: ಒಂದು ಚಾರಿತ್ರಿಕ ಅವಲೋಕನ

ನನ್ನ ಹಳೆಯ ವಿದ್ಯಾರ್ಥಿಗಳ ಪೈಕಿ ಮೂರು ನಾಲ್ಕು ಮಂದಿ ಈಚಿನ ವರ್ಷಗಳಲ್ಲಿ ತಮ್ಮ ಹೆಸರಿನೊಡನೆ ‘ಕೋಚ್’ ಎಂಬ ಉಪಾಧಿಯನ್ನು ಸೇರಿಸಿಕೊಂಡಿದ್ದಾರೆ. ಇವರು ಆಟದ ಮೈದಾನದ ಕೋಚುಗಳಲ್ಲ. ಕಂಪೆನಿಗಳ ಅಧಿಕಾರಿಗಳೊಡನೆ, ಉದ್ಯೋಗ ಬದಲಿಸಬೇಕೆಂದು ತೊಳಲುತ್ತಿರುವವರೊಡನೆ, ಗಂಟೆಗೆ ಇಷ್ಟೆಂದು ಸಂಭಾವನೆ ಗೊತ್ತುಮಾಡಿಕೊಂಡು ಸಂವಾದ ನಡೆಸುವವರು. ಅವರಲ್ಲೊಬ್ಬರು ನನಗೆ ಬರೆದು ಹೀಗೆ ಕೇಳಿದರು: “ಮೇಷ್ಟ್ರೇ, ನಮಗೆ ಶಿಕ್ಷಣ ಕೊಡುವಾಗ ‘ಉತ್ತರ ಹೇಳಬೇಡಿ, ಪ್ರಶ್ನೆ ಮಾತ್ರ ಕೇಳಿ’ ಎಂದು ಹೇಳಿಕೊಟ್ಟರು. ನೀವಾದರೋ ತರಗತಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದಿರಿ. ಇವೆರಡರಲ್ಲಿ ಯಾವುದು ಸರಿ?”

ಚರಿತ್ರೆಯನ್ನು ಬೋಧಿಸಿದವನಿಗೆ ಇಂಥ ಪ್ರಶ್ನೆ ಎದುರಾದಾಗ ಮೊದಲು ತೋಚುವುದು ಆ ವೃತ್ತಿಯು ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂದು ನೋಡುವುದು. ಆದ್ದರಿಂದ ಈ ಬರಹ ಸ್ವಲ್ಪ ದೂರದಿಂದ ಆರಂಭವಾಗುತ್ತದೆ. ಓದುಗರು ತಾಳ್ಮೆಯಿಂದಿರಬೇಕಾಗಿ ವಿನಂತಿ.

‘ಕೋಚ್’ ಎಂಬ ಶಬ್ದದ ಮೂಲ ಹಂಗೇರಿ ದೇಶದ ಒಂದು ಹಳ್ಳಿಯ ಹೆಸರಿನಲ್ಲಿದೆ. ವಿಯೆನ್ನಾ ಮತ್ತು ಬುಡಾ ನಗರಗಳ ನಡುವಣ ಹಾದಿಯಲ್ಲಿರುವ ಕೋಚ್ ಎಂಬ ಆ ಹಳ್ಳಿಯಲ್ಲಿ 15ನೆಯ ಶತಮಾನದಲ್ಲಿ ಹಗುರವಾದ, ವೇಗವಾಗಿ ಓಡುವ ಕುದುರೆಗಾಡಿಗಳನ್ನು ತಯಾರಿಸುತ್ತಿದ್ದರು. ಊರಿನ ಹೆಸರೇ ಗಾಡಿಗೆ ಬಂತು. ಗಾಡಿಯೊಡನೆ ಹೆಸರೂ ಯುರೋಪಿನ ಭಾಷೆಗಳನ್ನೆಲ್ಲ ಸುತ್ತಿ ಇಂಗ್ಲಿಷಿಗೆ ಬಂದು, ಕೊನೆಗೆ ನಮ್ಮ ಕನ್ನಡದಲ್ಲಿಯೂ ಕೋಚುಗಾಡಿಯಾಯಿತು. ರೈಲ್ವೆ ಟಿಕೆಟ್ಟಿನ ಮೇಲೆ ಕೋಚ್ ಸಂಖ್ಯೆಯನ್ನು ಹುಡುಕುವಾಗ ನಾವು ಆ ಹಂಗೇರಿಯ ಹಳ್ಳಿಯ ಹೆಸರನ್ನೇ ಓದುತ್ತಿರುತ್ತೇವೆ.

ಗಾಡಿಯ ಹೆಸರು ಮನುಷ್ಯನಿಗೆ ಅಂಟಿದ್ದು 19ನೆಯ ಶತಮಾನದ ಪೂರ್ವಾರ್ಧದಲ್ಲಿ, ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳ ಆಡುಮಾತಿನಲ್ಲಿ. ಪರೀಕ್ಷೆಯೆಂಬ ದಾರಿಯನ್ನು ದಾಟಿಸಿ ಆಚೆಯ ಊರಿಗೆ ಮುಟ್ಟಿಸುವ ಖಾಸಗಿ ಪಾಠದ ಮೇಷ್ಟ್ರನ್ನು ಹುಡುಗರು ತಮಾಷೆಗೆ ‘ಕೋಚ್’ ಎಂದು ಕರೆದರು. ಪ್ರಯಾಣಿಕ ಸುಮ್ಮನೆ ಕುಳಿತಿದ್ದರೂ ಗಾಡಿ ಅವನನ್ನು ಒಯ್ಯುತ್ತದೆ ಎಂಬ ಸಣ್ಣ ವ್ಯಂಗ್ಯವೂ ಅದರಲ್ಲಿತ್ತೆಂದು ನನ್ನ ಊಹೆ.

ಕೇಂಬ್ರಿಜ್‌ನಲ್ಲಿ ಈ ಖಾಸಗಿ ಕೋಚುಗಳದೇ ಒಂದು ಸಾಮ್ರಾಜ್ಯ ಬೆಳೆಯಿತು. ಅಲ್ಲಿಯ ಟ್ರೈಪಾಸ್ ಎಂಬ ಗಣಿತ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದವರಿಗೆ ರ‍್ಯಾಂಗ್ಲರ್ ಎಂದು ಹೆಸರು. ಅವರಲ್ಲಿ ಮೊದಲಿಗನು ಸೀನಿಯರ್ ರ‍್ಯಾಂಗ್ಲರ್. ಒಂದರಿಂದ ಆರಂಭಿಸಿ ಕ್ರಮಾಂಕದ ಪ್ರಕಾರ ಎಲ್ಲರ ಹೆಸರೂ ಪ್ರಕಟವಾಗುತ್ತಿತ್ತು. ಮೇಲಿನ ಸ್ಥಾನ ಬಂದರೆ ಕಾಲೇಜಿನ ಫೆಲೋ ಪದವಿ, ಜೀವನಕ್ಕೊಂದು ಭದ್ರತೆ. ಕಾಲೇಜುಗಳ ಸಾಮಾನ್ಯ ಬೋಧನೆ ಆ ಪರೀಕ್ಷೆಗೆ ಸಾಲದಾದಾಗ ಹುಡುಗರು ಹಣ ಕೊಟ್ಟು ಖಾಸಗಿ ಗುರುಗಳ ಬಳಿಗೆ ಹೋದರು. ವಿಲಿಯಂ ಹಾಪ್ಕಿನ್ಸ್ ಎಂಬವರು ಇವರಲ್ಲಿ ಪ್ರಸಿದ್ಧರು. ಅವರು ಮೊದಲು ಬೇಸಾಯ ಮಾಡಿಕೊಂಡಿದ್ದವರು. ಮೂವತ್ತರ ಸಮೀಪದ ವಯಸ್ಸಿನಲ್ಲಿ ವಿದ್ಯಾರ್ಥಿಯಾಗಿ ಸೇರಿ 1827ರಲ್ಲಿ ಏಳನೆಯ ರ‍್ಯಾಂಗ್ಲರ್ ಆದರು. ಅಂದಿನ ನಿಯಮದಂತೆ ವಿವಾಹಿತರಿಗೆ ಫೆಲೋ ಪದವಿ ಇರಲಿಲ್ಲ. ಹೀಗಾಗಿ ಮದುವೆಯಾಗಿದ್ದ ಹಾಪ್ಕಿನ್ಸ್‌ರು ಜೀವನೋಪಾಯಕ್ಕೆ ಖಾಸಗಿ ಪಾಠವನ್ನು ಹಿಡಿದರು. 1849ರ ವೇಳೆಗೆ ಅವರ ಶಿಷ್ಯರಲ್ಲಿ 17 ಮಂದಿ ಸೀನಿಯರ್ ರ‍್ಯಾಂಗ್ಲರ್‌ಗಳಾಗಿದ್ದರು. ಸ್ವತಃ ಏಳನೆಯವರಾಗಿದ್ದವರು ಮೊದಲನೆಯವರನ್ನು ಇಷ್ಟು ಮಂದಿ ತಯಾರು ಮಾಡಿದರೆಂಬುದನ್ನು ಗಮನಿಸಬೇಕು. ಗೆದ್ದವನೇ ಗೆಲ್ಲಿಸಬಲ್ಲ ಎಂಬ ನಂಬಿಕೆ ಅಂದೇ ಸುಳ್ಳಾಗಿತ್ತು.

ಹಾಪ್ಕಿನ್ಸ್‌ರ ಅನಂತರ ಬಂದವರು ಎಡ್ವರ್ಡ್ ರೌತ್. 1854ರ ಪರೀಕ್ಷೆಯಲ್ಲಿ ರೌತ್ ಮೊದಲಿಗರು, ಎರಡನೆಯ ಸ್ಥಾನದಲ್ಲಿದ್ದವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್! ವಿದ್ಯುತ್ಕಾಂತೀಯ ಸಿದ್ಧಾಂತದ ಮ್ಯಾಕ್ಸ್‌ವೆಲ್ಲರನ್ನು ಹಿಂದಿಕ್ಕಿದ ರೌತರ ಹೆಸರನ್ನು ಇಂದು ಗಣಿತ ಮತ್ತು ಎಂಜಿನಿಯರಿಂಗ್ ಓದಿದವರಲ್ಲದೆ ಬೇರೆಯವರು ಅರಿಯರು. ಆದರೆ 1855ರಿಂದ 1888ರವರೆಗೆ ಆರು ನೂರಕ್ಕೂ ಮಿಕ್ಕಿದ ಶಿಷ್ಯರಿಗೆ ಅವರು ಪಾಠ ಹೇಳಿದರು. ಸುಮಾರು ಎರಡು ದಶಕಗಳ ಕಾಲ ಸತತವಾಗಿ, ಪ್ರತಿವರ್ಷವೂ, ಪ್ರಥಮ ಸ್ಥಾನ ಅವರ ಶಿಷ್ಯರದೇ ಆಗಿತ್ತು. ಲಾರ್ಡ್ ರ‍್ಯಾಲೆ, ಎಲೆಕ್ಟ್ರಾನ್ ಖ್ಯಾತಿಯ ಜೆ. ಜೆ. ಥಾಮ್ಸನ್ ಇವರೆಲ್ಲ ಅವರ ಕೈಯಲ್ಲಿ ಪಳಗಿದವರು. ಅವರ ವಿಧಾನದಲ್ಲಿ ಮಂತ್ರವೇನೂ ಇರಲಿಲ್ಲ. ಒಂದು ಗುಂಪಿನಲ್ಲಿ ಎಂಟು ಹತ್ತು ಮಂದಿಗಿಂತ ಹೆಚ್ಚಿಲ್ಲ. ಒಂದೊಂದು ಗಂಟೆಯ ಕಟ್ಟುನಿಟ್ಟಾದ ಪಾಠ. ಪ್ರತಿವಾರವೂ ಬಿಡಿಸಲೇಬೇಕಾದ ಲೆಕ್ಕಗಳು. ಅವನ್ನು ತಿದ್ದಿ, ಅಂಕ ಹಾಕಿ, ಯಾರು ಎಲ್ಲಿ ನಿಂತಿದ್ದಾರೆಂದು ತೋರಿಸುವುದು. ತಿದ್ದುವ ಕೆಲಸ ಎಷ್ಟು ಭಾರವೆಂಬುದು ನಮ್ಮಂಥ ಕೆಂಪು ಶಾಯಿಯವರಿಗೆ ಗೊತ್ತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಹಾಪ್ಕಿನ್ಸ್‌ರ ಶಿಷ್ಯರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ತರುಣನಿದ್ದ, ಮುಂದೆ ಸಂಖ್ಯಾಶಾಸ್ತ್ರದಲ್ಲಿ ಹೆಸರಾದವನು. ವಿದ್ಯಾರ್ಥಿಯಾಗಿದ್ದ ಮೂರನೆಯ ವರ್ಷದಲ್ಲಿ ಅವನ ಆರೋಗ್ಯ ಪೂರ್ತಿ ಕುಸಿಯಿತು. ಆನರ್ಸ್ ಪರೀಕ್ಷೆಯ ಆಸೆಯನ್ನೇ ಬಿಟ್ಟು ಸಾಮಾನ್ಯ ಪದವಿಯೊಡನೆ ಹೊರಬಂದ. ಕ್ರಮಾಂಕದ ಈ ಪಟ್ಟಿಯನ್ನು ಕೇಂಬ್ರಿಜ್ 1909ರ ಅನಂತರ ನಿಲ್ಲಿಸಿತು. ನಮ್ಮ ಗೋಕಾಕ ಸೀಮೆಯಿಂದ ಹೋದ ಡಿ. ಸಿ. ಪಾವಟೆಯವರು 1920ರ ದಶಕದಲ್ಲಿ ಅಲ್ಲಿ ರ‍್ಯಾಂಗ್ಲರ್ ಆದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಹೆಸರಾದಾಗಲೂ ಆ ಕಡೆಯ ಜನ ಅವರನ್ನು ರ‍್ಯಾಂಗ್ಲರ್ ಪಾವಟೆ ಎಂದೇ ಕರೆದರು. ಅವರ ಕಾಲಕ್ಕೆ ಕ್ರಮಾಂಕವೂ ಇರಲಿಲ್ಲ, ರೌತರ ಕಾಲದ ಕೋಚುಗಳ ಸಾಮ್ರಾಜ್ಯವೂ ಉಳಿದಿರಲಿಲ್ಲ.

ಆದರೆ ಶಬ್ದ ಮಾತ್ರ ಭಾರತಕ್ಕೆ ಹಳೆಯ ಅರ್ಥದಲ್ಲಿಯೇ ಬಂದು ನೆಲಸಿತು. ‘ಕೋಚಿಂಗ್’ ಎಂದರೆ ನಮ್ಮಲ್ಲಿ ಇಂದಿಗೂ ಪ್ರವೇಶ ಪರೀಕ್ಷೆಯ ಪಾಠ. ನೂರಾರು ಮಕ್ಕಳನ್ನು ಒಂದೇ ಸಭಾಂಗಣದಲ್ಲಿ ಕೂರಿಸಿ, ಧ್ವನಿವರ್ಧಕದಲ್ಲಿ ಪಾಠ ಹೇಳಿ, ಅದಕ್ಕೆ ಕೋಚಿಂಗ್ ಎಂಬ ಹೆಸರಿಡುವುದು ರೌತರ ಎಂಟು ಹತ್ತು ಮಂದಿಯ ಗುಂಪಿಗೆ ಮಾಡಿದ ಅಪಚಾರವೆಂದೇ ನಾನು ತಿಳಿಯುತ್ತೇನೆ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು 16 ವರ್ಷಕ್ಕಿಂತ ಕಿರಿಯ ಮಕ್ಕಳನ್ನು ಇಂಥ ಕೇಂದ್ರಗಳಿಗೆ ಸೇರಿಸಿಕೊಳ್ಳಬಾರದೆಂದು ಮಾರ್ಗಸೂಚಿ ಹೊರಡಿಸಬೇಕಾಗಿ ಬಂತು. ಗಾಲ್ಟನ್ ಕುಸಿದ ಕಥೆ ನಮ್ಮ ಮನೆಗಳಲ್ಲಿ ಎಷ್ಟು ಸಲ ಪುನರಾವರ್ತನೆಯಾಗಿದೆಯೋ!

ಪಾಠದ ಕೋಣೆಯಿಂದ ಈ ಶಬ್ದ ದೋಣಿಯ ಸ್ಪರ್ಧೆಗೂ ಅಲ್ಲಿಂದ ಇತರ ಆಟಗಳಿಗೂ ಹಬ್ಬಿತು. ವಿಚಿತ್ರವೆಂದರೆ, ಗಣಿತಕ್ಕೆ ಹಣ ಪಡೆದರೆ ಗೌರವ ಕೊಡುತ್ತಿದ್ದ ಸಮಾಜವೇ ಆಟ ಕಲಿಸಲು ಹಣ ಪಡೆದವನನ್ನು ಕೀಳಾಗಿ ಕಂಡಿತು. ಹೆನ್ಲಿ ದೋಣಿ ಸ್ಪರ್ಧೆಯ 1879ರ ನಿಯಮವು ಕೂಲಿಗೆ ದುಡಿಯುವ ಕುಶಲಕರ್ಮಿಯನ್ನೂ, ವ್ಯಾಯಾಮ ಕಲಿಸಿ ಹೊಟ್ಟೆ ಹೊರೆಯುವವನನ್ನೂ ಒಟ್ಟಿಗೇ ಹೊರಗಿಟ್ಟಿತು. ಸ್ಯಾಮ್ ಮುಸಾಬಿನಿ ಎಂಬ ವೃತ್ತಿಪರ ತರಬೇತುದಾರರು 1908ರಲ್ಲಿ ರೆಗಿ ವಾಕರ್, 1920ರಲ್ಲಿ ಆಲ್ಬರ್ಟ್ ಹಿಲ್, 1924ರಲ್ಲಿ ಹೆರಾಲ್ಡ್ ಏಬ್ರಹಾಮ್ಸ್ ಇವರನ್ನು ಒಲಿಂಪಿಕ್ ಚಿನ್ನಕ್ಕೆ ಸಿದ್ಧಗೊಳಿಸಿದರೂ, ಕೇಂಬ್ರಿಜ್ ಪದವೀಧರ ಏಬ್ರಹಾಮ್ಸ್ ಹಣ ಕೊಟ್ಟು ಕೋಚನ್ನು ಇಟ್ಟುಕೊಂಡದ್ದೇ ಟೀಕೆಗೆ ಗುರಿಯಾಯಿತು. ವೃತ್ತಿಪರ ಎಂಬ ಪದ ಇಂದು ಗೌರವಸೂಚಕ; ಅಂದು ಅದು ಬೈಗುಳಕ್ಕೆ ಸಮೀಪವಾಗಿತ್ತು. ನಮ್ಮ ಗರಡಿಮನೆಗಳ ಉಸ್ತಾದರನ್ನು ನಾವು ಹಾಗೆ ಕಾಣಲಿಲ್ಲವೆಂಬುದು ಸಮಾಧಾನದ ಸಂಗತಿ.

ಇಲ್ಲಿಂದ ಅಮೆರಿಕಕ್ಕೆ ಹೋಗೋಣ. ಏಕೆಂದರೆ ಕೋಚ್ ಎಂಬಾತನ ಕೆಲಸವನ್ನು ಮೊಟ್ಟಮೊದಲು ಎಣಿಸಿ, ಅಳೆದು ನೋಡಿದವರ ಕಥೆ ಅಲ್ಲಿಯದು.

ಜಾನ್ ವುಡನ್ 1910ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿ ಹೊಲಮನೆಯಲ್ಲಿ ಬೆಳೆದವರು. ವೃತ್ತಿಯನ್ನು ಆರಂಭಿಸಿದ್ದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಉಪಾಧ್ಯಾಯರಾಗಿ, ಜೊತೆಗೆ ಆಟದ ತರಬೇತಿ. ನಮ್ಮ ಶಾಲೆಗಳಲ್ಲಿಯೂ ಇಂಥ ದ್ವಿಪಾತ್ರದ ಮೇಷ್ಟ್ರುಗಳು ಇದ್ದರಲ್ಲವೇ? ಯುದ್ಧಕಾಲದಲ್ಲಿ ನೌಕಾದಳದ ಸೇವೆ ಮುಗಿಸಿ 1946ರಲ್ಲಿ ಇಂಡಿಯಾನಾದ ಶಿಕ್ಷಕರ ಕಾಲೇಜೊಂದಕ್ಕೆ ಬ್ಯಾಸ್ಕೆಟ್‌ಬಾಲ್ ಕೋಚ್ ಆದರು. ಅಲ್ಲಿಯ ಒಂದು ಸಂಗತಿ ನನಗೆ ಅವರ ಮುಂದಿನ ಪದಕಗಳಿಗಿಂತ ದೊಡ್ಡದಾಗಿ ಕಾಣುತ್ತದೆ. 1947ರಲ್ಲಿ ಅವರ ತಂಡಕ್ಕೆ ರಾಷ್ಟ್ರಮಟ್ಟದ ಪಂದ್ಯಾವಳಿಯ ಆಹ್ವಾನ ಬಂತು. ಆ ಪಂದ್ಯಾವಳಿಯಲ್ಲಿ ಕಪ್ಪು ಜನಾಂಗದ ಆಟಗಾರರಿಗೆ ಪ್ರವೇಶವಿರಲಿಲ್ಲ. ವುಡನ್‌ರ ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕಪ್ಪು ತರುಣನಿದ್ದ. ಅವನೇನೂ ತಂಡದ ಪ್ರಮುಖ ಆಟಗಾರನಲ್ಲ. ಅವನನ್ನು ಊರಿನಲ್ಲಿ ಬಿಟ್ಟು ಹೋಗುವುದು ಸುಲಭವಿತ್ತು. ವುಡನ್ ಆಹ್ವಾನವನ್ನೇ ನಿರಾಕರಿಸಿದರು. ಮರುವರ್ಷ ಆ ನಿಷೇಧ ಹೋಯಿತು. ವಾಕರ್ ತಂಡದೊಡನೆ ಹೋಗಿ ಆಡಿದ.

1948ರಲ್ಲಿ ವುಡನ್ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ ಬಂದರು. ಮೊದಲ ರಾಷ್ಟ್ರೀಯ ಪ್ರಶಸ್ತಿ ದೊರೆತದ್ದು 1964ರಲ್ಲಿ, ಅಂದರೆ ಅಲ್ಲಿಗೆ ಬಂದ 16ನೆಯ ಋತುವಿನಲ್ಲಿ. ಅನಂತರ 1975ರಲ್ಲಿ ನಿವೃತ್ತರಾಗುವವರೆಗಿನ 12 ವರ್ಷಗಳಲ್ಲಿ 10 ಪ್ರಶಸ್ತಿಗಳು. ನಡುವೆ ಸತತ 88 ಪಂದ್ಯಗಳ ಗೆಲುವು. ಎಲ್ಲರೂ ಆ ಹನ್ನೆರಡು ವರ್ಷಗಳನ್ನು ವರ್ಣಿಸುತ್ತಾರೆ. ಪ್ರಶಸ್ತಿಯಿಲ್ಲದ ಹದಿನೈದು ವರ್ಷಗಳಲ್ಲಿ ಆ ಮನುಷ್ಯ ಏನು ಮಾಡುತ್ತಿದ್ದರೆಂಬುದೇ ನಮಗೆ ಮುಖ್ಯ. ಪ್ರತಿದಿನ ಬೆಳಿಗ್ಗೆ ಸಹಾಯಕರೊಡನೆ ಕುಳಿತು, ಆ ದಿನದ ಎರಡು ಗಂಟೆಗಳ ಅಭ್ಯಾಸಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಯೋಜನೆ ಹಾಕುತ್ತಿದ್ದರು. ನಿಮಿಷ ನಿಮಿಷದ ಕ್ರಮವನ್ನು ಚಿಕ್ಕ ಕಾರ್ಡುಗಳ ಮೇಲೆ ಬರೆದುಕೊಂಡು ಮೈದಾನಕ್ಕೆ ಹೋಗುತ್ತಿದ್ದರು. ಹಿಂದಿನ ವರ್ಷಗಳಲ್ಲಿ ಇದೇ ದಿನ ಏನು ಮಾಡಿದೆವೆಂಬ ದಾಖಲೆಯೂ ಇರುತ್ತಿತ್ತು. ಪಾಠ ಟಿಪ್ಪಣಿ ಬರೆಯುವುದನ್ನು ಇನ್‌ಸ್ಪೆಕ್ಟರ ಕಾಟವೆಂದು ಗೊಣಗುತ್ತಿದ್ದ ನನ್ನ ಸಹೋದ್ಯೋಗಿಗಳು ಇದನ್ನು ಓದಬೇಕಿತ್ತು.

ಋತುವಿನ ಮೊದಲ ದಿನ ಅವರು ಕಲಿಸುತ್ತಿದ್ದುದು ಕಾಲುಚೀಲ ಹಾಕಿಕೊಳ್ಳುವುದನ್ನು. ದೇಶದ ಅತ್ಯುತ್ತಮ ಆಟಗಾರರು, ಏಳಡಿ ಎತ್ತರದ ತರುಣರು, ನೆಲದ ಮೇಲೆ ಕುಳಿತು, ಬೆರಳುಗಳ ಹತ್ತಿರ, ಹಿಮ್ಮಡಿಯ ಹತ್ತಿರ ಸುಕ್ಕು ಉಳಿಯದಂತೆ ಕಾಲುಚೀಲವನ್ನು ಎಳೆದು, ಅನಂತರ ಶೂ ದಾರ ಬಿಗಿಯಬೇಕು. ಸುಕ್ಕು ಉಳಿದರೆ ಕಾಲಿನಲ್ಲಿ ಬೊಬ್ಬೆ. ಬೊಬ್ಬೆ ಎದ್ದರೆ ಆಟವಿಲ್ಲ. ನೋಡುವವರಿಗೆ ನಗು ಬರುವ ಪಾಠ. ಕಾರಣ ಮಾತ್ರ ಅಚ್ಚುಕಟ್ಟು.

1974-75ರ ಋತುವಿನಲ್ಲಿ, ಅದು ಅವರ ಕೊನೆಯ ಋತು, ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅವರ ಅಭ್ಯಾಸದ 15 ದಿನಗಳನ್ನು, ಒಟ್ಟು 30 ಗಂಟೆಗಳ ಕಾಲ, ಬದಿಯಲ್ಲಿ ಕುಳಿತು ದಾಖಲಿಸಿದರು. ಕೋಚ್ ಆಡಿದ ಪ್ರತಿಯೊಂದು ಬೋಧನೆಯ ಮಾತನ್ನೂ ವರ್ಗೀಕರಿಸಿದರು: 2,326 ಕ್ರಿಯೆಗಳು. ದೀರ್ಘ ಉಪದೇಶ, ಹುರಿದುಂಬಿಸುವ ಭಾಷಣ ಇವೇ ತುಂಬಿರುತ್ತವೆಂದು ಯಾರಾದರೂ ಊಹಿಸಬಹುದಿತ್ತು. ಫಲಿತಾಂಶ ಹಾಗಿರಲಿಲ್ಲ. ಶೇಕಡಾ 75ರಷ್ಟು ಬರಿಯ ಮಾಹಿತಿ: ಏನು ಮಾಡಬೇಕು, ಹೇಗೆ, ಯಾವಾಗ. ಹೊಗಳಿಕೆ ಶೇಕಡಾ 6.9, ಅಸಮಾಧಾನ ಶೇಕಡಾ 6.6. ತಪ್ಪು ಕಂಡಾಗ ಅವರು ಮಾಡುತ್ತಿದ್ದುದು ಮೂರು ತುಣುಕಿನ ಒಂದು ಚಿಕ್ಕ ಪ್ರದರ್ಶನ: ಸರಿಯಾದ ರೀತಿ ಹೀಗೆ, ನೀನು ಮಾಡಿದ್ದು ಹೀಗೆ, ಮತ್ತೆ ಸರಿಯಾದ ರೀತಿ ಹೀಗೆ. ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತಿತ್ತು. ಆಟಗಾರನ ಕಣ್ಣಮುಂದೆ ಚಿತ್ರ ನಿಲ್ಲುತ್ತಿತ್ತು, ಅವಮಾನ ನಿಲ್ಲುತ್ತಿರಲಿಲ್ಲ.

ಇದೇ ಕಾಲಕ್ಕೆ, ಅದೇ ಕ್ಯಾಲಿಫೋರ್ನಿಯಾದಲ್ಲಿ, ಇದಕ್ಕೆ ತೀರ ವಿರುದ್ಧವೆಂದು ತೋರುವ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಟಿಮೊಥಿ ಗ್ಯಾಲ್ವೆ ಹಾರ್ವರ್ಡ್‌ನ ಟೆನಿಸ್ ತಂಡದ ನಾಯಕರಾಗಿದ್ದವರು. ಭಾರತೀಯ ಗುರುವೊಬ್ಬರಿಂದ ಧ್ಯಾನವನ್ನು ಕಲಿತವರು. ಟೆನಿಸ್ ಕಲಿಸುತ್ತಿರುವಾಗ ಅವರಿಗೆ ಒಂದು ಸಂಗತಿ ಗೋಚರಿಸಿತು. ತಾವು ಹೆಚ್ಚು ಸೂಚನೆ ಕೊಟ್ಟಷ್ಟೂ ಕಲಿಯುವವನ ತೋಳು ಬಿಗಿಯುತ್ತದೆ. ಸುಮ್ಮನಿದ್ದಾಗ ಕೆಲವು ತಪ್ಪುಗಳು ತಾವೇ ಸರಿಹೋಗುತ್ತವೆ. 1974ರಲ್ಲಿ ಪ್ರಕಟವಾದ ತಮ್ಮ ‘ದಿ ಇನ್ನರ್ ಗೇಮ್ ಆಫ್ ಟೆನಿಸ್’ ಪುಸ್ತಕದಲ್ಲಿ ಅವರು ನಮ್ಮೊಳಗೆ ಇಬ್ಬರಿದ್ದಾರೆ ಎಂದರು: ಸದಾ ಆಜ್ಞೆ ಮಾಡುತ್ತ ತೀರ್ಪು ಕೊಡುತ್ತಿರುವವನೊಬ್ಬ, ಸುಮ್ಮನೆ ಕೆಲಸ ಮಾಡಬಲ್ಲವನೊಬ್ಬ. ಮೊದಲನೆಯವನನ್ನು ಮೌನಗೊಳಿಸಲು ಅವರು ಕೊಟ್ಟ ಉಪಾಯ ಬಹು ಸರಳ. ಚೆಂಡು ನೆಲಕ್ಕೆ ತಾಗಿದ ಕ್ಷಣ ‘ಬೌನ್ಸ್’ ಎನ್ನು, ರ‍್ಯಾಕೆಟ್ಟಿಗೆ ತಾಗಿದ ಕ್ಷಣ ‘ಹಿಟ್’ ಎನ್ನು, ಅಷ್ಟೆ. ಗಮನವೆಲ್ಲ ಚೆಂಡಿನ ಮೇಲೆ ನಿಂತಾಗ ತೋಳು ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ.

ಇದನ್ನು ಇಂಗ್ಲೆಂಡಿಗೆ ಒಯ್ದವರಲ್ಲಿ ಜಾನ್ ವಿಟ್‌ಮೋರ್ ಒಬ್ಬರು, 1965ರಲ್ಲಿ ಯುರೋಪಿನ ಕಾರು ಪಂದ್ಯದ ಚಾಂಪಿಯನ್. ಅವರು ತಮ್ಮ ಪುಸ್ತಕದಲ್ಲಿ ಹೇಳುವ ಪ್ರಸಂಗವೊಂದಿದೆ. ಟೆನಿಸ್ ಕಲಿಸುವವರು ಸಾಲದಾದಾಗ, ಹಿಮದ ಮೇಲೆ ಜಾರುವ ಸ್ಕೀ ಕ್ರೀಡೆಯ ತರಬೇತುದಾರರಿಗೆ ಟೆನಿಸ್ ಉಡುಪು ತೊಡಿಸಿ ಕಳುಹಿಸಿದರಂತೆ. ಅವರಿಗೆ ಟೆನಿಸ್ ತಿಳಿಯದು. ಆದ್ದರಿಂದ ಕೇಳುವುದನ್ನು, ಗಮನಿಸುವಂತೆ ಮಾಡುವುದನ್ನು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಅವರ ಶಿಷ್ಯರು ಇತರರಿಗಿಂತ ಹಿಂದೆ ಬೀಳಲಿಲ್ಲ. 1992ರಲ್ಲಿ ಪ್ರಕಟವಾದ ಆ ಪುಸ್ತಕದಿಂದಲೇ ಗುರಿ, ವಾಸ್ತವ, ಆಯ್ಕೆಗಳು, ಸಂಕಲ್ಪ ಎಂಬ ನಾಲ್ಕು ಹಂತಗಳ ಪ್ರಶ್ನಾವಳಿಯು ಕಂಪೆನಿಗಳ ಸಭಾಕೋಣೆಗಳಲ್ಲಿ ಮನೆಮಾತಾಯಿತು. ಅದನ್ನು ರೂಪಿಸುವುದರಲ್ಲಿ ಅವರ ಜೊತೆಗಾರರ ಪಾಲೂ ಇದೆ. 1995ರಲ್ಲಿ ಅಮೆರಿಕದ ಥಾಮಸ್ ಲಿಯೊನಾರ್ಡ್, ಮೊದಲು ಹಣಕಾಸಿನ ಸಲಹೆಗಾರರಾಗಿದ್ದವರು, ಅಂತರರಾಷ್ಟ್ರೀಯ ಕೋಚ್ ಒಕ್ಕೂಟವನ್ನು ಸ್ಥಾಪಿಸಿದರು. ನನ್ನ ವಿದ್ಯಾರ್ಥಿಗಳ ಪ್ರಮಾಣಪತ್ರ ಆ ಒಕ್ಕೂಟದ್ದು. ಅದರಲ್ಲಿ ‘ವೃತ್ತಿಪರ’ ಎಂಬ ದರ್ಜೆಗೆ ಏರಲು 125 ಗಂಟೆಗಳ ಶಿಕ್ಷಣ, 500 ಗಂಟೆಗಳ ಅನುಭವ ಬೇಕು.

ಆ ಒಕ್ಕೂಟವು 2019ರಲ್ಲಿ ತನ್ನ ಸಾಮರ್ಥ್ಯಗಳ ಪಟ್ಟಿಯನ್ನು ಹನ್ನೊಂದರಿಂದ ಎಂಟಕ್ಕೆ ಇಳಿಸಿ ಪರಿಷ್ಕರಿಸಿದಾಗ, ‘ಕೋಚ್‌ನ ಮನೋಧರ್ಮವನ್ನು ಮೈಗೂಡಿಸಿಕೊಳ್ಳುವುದು’ ಎಂಬ ಹೊಸ ಅಂಶವನ್ನು ಸೇರಿಸಿತು. ಅದರ ವಿವರವನ್ನು ಕುತೂಹಲದಿಂದ ಓದಿದೆ. ಆಯ್ಕೆಯ ಹೊಣೆ ಎದುರಿಗಿರುವವರದೇ ಎಂದು ಒಪ್ಪುವುದು, ತಾನು ಕಲಿಯುತ್ತಲೇ ಇರುವುದು, ಮಾಡಿದ ಕೆಲಸವನ್ನು ಹಿಂತಿರುಗಿ ನೋಡುವ ಅಭ್ಯಾಸ, ತನ್ನ ಭಾವನೆಗಳ ಮೇಲೆ ಹಿಡಿತ, ಪ್ರತಿ ಭೇಟಿಗೂ ಪೂರ್ವಸಿದ್ಧತೆ, ಅಗತ್ಯ ಬಿದ್ದಾಗ ಇತರರ ನೆರವು ಕೇಳುವುದು. ಇದರಲ್ಲಿ ವುಡನ್‌ರ ಕಾರ್ಡುಗಳೂ ಇವೆ, ಗ್ಯಾಲ್ವೆಯವರ ಮೌನವೂ ಇದೆ.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ಹೇಳುವುದೋ, ಕೇಳುವುದೋ? ವುಡನ್‌ರ ಮಾತುಗಳಲ್ಲಿ ಮುಕ್ಕಾಲು ಪಾಲು ಹೇಳುವುದೇ ಆಗಿತ್ತು. ವಿಟ್‌ಮೋರ್‌ರ ಸ್ಕೀ ಮೇಷ್ಟ್ರುಗಳು ಹೇಳಲಾರದೆ ಕೇಳಿದರು. ಎರಡೂ ಫಲ ಕೊಟ್ಟವು. ಹೀಗಿರುವಾಗ ಜಗಳವಿರುವುದು ಇವೆರಡರ ನಡುವೆ ಅಲ್ಲವೆಂದು ನನಗೆ ತೋರುತ್ತದೆ. ಗ್ಯಾಲ್ವೆ ತೀರ್ಪನ್ನು ದೂರವಿಡಬೇಕೆಂದರು. ಬೈಗುಳದಂತೆಯೇ ಹೊಗಳಿಕೆಯೂ ತೀರ್ಪೇ, ಹೊಗಳಿಸಿಕೊಂಡವನು ಮುಂದಿನ ಹೊಡೆತದಲ್ಲಿ ಹೊಗಳಿಕೆಯನ್ನು ಕಾಯುತ್ತ ಬಿಗಿದುಕೊಳ್ಳುತ್ತಾನೆ ಎಂಬುದು ಅವರ ಅಭಿಪ್ರಾಯ. ಅತ್ತ ವುಡನ್‌ರ ಲೆಕ್ಕದಲ್ಲಿ ಹೊಗಳಿಕೆ, ಅಸಮಾಧಾನ ಎರಡೂ ಸೇರಿದರೂ ಏಳನೆಯ ಒಂದು ಭಾಗ ದಾಟುವುದಿಲ್ಲ. ಒಬ್ಬರು ಬಾಯಿ ತುಂಬ ಮಾತಾಡಿದರು, ಇನ್ನೊಬ್ಬರು ಮಾತು ಬಿಟ್ಟರು. ಆದರೆ ಕಲಿಯುವವನಿಗೆ ಅಂಕ ಹಾಕುತ್ತ ಕೂರುವುದನ್ನು ಇಬ್ಬರೂ ಕಡಿಮೆ ಮಾಡಿದರು. ಕಂಡದ್ದನ್ನು ಕಂಡಂತೆ ತೋರಿಸಿದರು. ರೌತರ ಪದ್ಧತಿಯಲ್ಲಿ ಇಲ್ಲದಿದ್ದುದು ಇದೇ ಎಂದು ನನ್ನ ಅನಿಸಿಕೆ. ಅಲ್ಲಿ ತಿದ್ದುವಿಕೆಯೂ ಅಂಕವೂ ಒಂದೇ ಹಾಳೆಯಲ್ಲಿ ಬೆಸೆದುಕೊಂಡಿದ್ದವು.

ನಮ್ಮ ಉಪಾಧ್ಯಾಯ ವರ್ಗಕ್ಕೆ ಇದು ಕಷ್ಟದ ಮಾತು. ‘ಜಾಣ’, ‘ದಡ್ಡ’, ‘ಭೇಷ್’, ‘ಛೆ’ ಇವಿಲ್ಲದೆ ನಾವು ಒಂದು ಪೀರಿಯಡ್ಡನ್ನೂ ಮುಗಿಸಿದವರಲ್ಲ. ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಮಾತ್ರ ಖೋ ಖೋ ಅಂಕಣದ ಬದಿಯಲ್ಲಿ ನಿಂತು, “ಎಡಗಾಲು ಮೊದಲು ಹೊರಡಲಿ” ಎಂಬಂಥ ನಾಲ್ಕು ಪದಗಳನ್ನಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಅವರಿಗೆ ಮಾತು ಬಾರದೆಂದು ಸ್ಟಾಫ್ ರೂಮಿನಲ್ಲಿ ಕೆಲವರು ನಗುತ್ತಿದ್ದರು. ಅವರ ಕೈಯಲ್ಲಿ ಆಡಿದವರು ಈ ಪುಟವನ್ನು ಓದುತ್ತಿದ್ದರೆ ಬೇರೆಯದನ್ನೇ ಹೇಳಿಯಾರು.

ಇನ್ನೊಂದು ಎಚ್ಚರಿಕೆ. ಕೇವಲ ಪ್ರಶ್ನೆ ಕೇಳುವುದೇ ಕೋಚ್‌ನ ಧರ್ಮವೆಂದು ಬಗೆದು, ಏನೂ ಅರಿಯದವನ ಮುಂದೆ ಪ್ರಶ್ನೆಗಳ ಮಳೆಗರೆಯುವುದು ಕ್ರೌರ್ಯ. ಕಾಲುಚೀಲ ಹಾಕುವುದನ್ನು ಪ್ರಶ್ನೆಯ ಮೂಲಕ ಕಲಿಸಬೇಕಾಗಿಲ್ಲ, ತೋರಿಸಿದರೆ ಸಾಕು. ಇಪ್ಪತ್ತು ವರ್ಷ ಅನುಭವವಿರುವ ಅಧಿಕಾರಿಯೊಬ್ಬರು ಕೆಲಸ ಬಿಡಲೋ ಬೇಡವೋ ಎಂದು ತೊಳಲುತ್ತಿದ್ದರೆ ಅಲ್ಲಿ ನಿಮ್ಮ ಉತ್ತರಕ್ಕೆ ಬೆಲೆಯಿಲ್ಲ. ಅಲ್ಲಿ ಕೇಳುವುದೇ ಸರಿ. ಎದುರಿಗಿರುವವರು ಯಾರೆಂದು ನೋಡದೆ ವಿಧಾನವನ್ನು ಮೊದಲೇ ಆರಿಸಿಕೊಂಡವರು ವೃತ್ತಿಪರರಲ್ಲ, ಎಷ್ಟು ಗಂಟೆ ತುಂಬಿಸಿದ್ದರೂ.

ಗ್ಯಾಲಿಮೋರ್ ಮತ್ತು ಥಾರ್ಪ್ 2004ರಲ್ಲಿ ತಮ್ಮ ಹಳೆಯ ಅಧ್ಯಯನವನ್ನು ಮತ್ತೆ ಕೈಗೆತ್ತಿಕೊಂಡು, ತೊಂಬತ್ತು ದಾಟಿದ್ದ ವುಡನ್‌ರನ್ನು ಮಾತನಾಡಿಸಿ, ತಾವು ಎಣಿಸಿದ ಮಾತುಗಳ ಹಿಂದೆ ಇದ್ದ ಸಿದ್ಧತೆಯನ್ನು ತಾವು ಅಂದು ಕಂಡಿರಲಿಲ್ಲವೆಂದು ಬರೆದರು. ಆ ಕ್ಷಣದಲ್ಲಿ ಹೊಳೆದಂತೆ ತೋರುತ್ತಿದ್ದ ಚುಟುಕು ಮಾತುಗಳಿಗೆ, ಒಬ್ಬೊಬ್ಬ ಆಟಗಾರನನ್ನೂ ಕುರಿತ ಬೆಳಗಿನ ಚಿಂತನೆಯೇ ಮೂಲವಾಗಿತ್ತು. ವುಡನ್ 2010ರಲ್ಲಿ, ನೂರು ತುಂಬಲು ಕೆಲವು ತಿಂಗಳು ಉಳಿದಿರುವಾಗ ತೀರಿಕೊಂಡರು.

ಕೋಚ್ ಆಗಿರುವ ನನ್ನ ವಿದ್ಯಾರ್ಥಿಗಳಿಗೆ ಹಳೆಯ ಅಧಿಕಾರದಿಂದ ಒಂದು ಮನೆಗೆಲಸ ಕೊಡುತ್ತಿದ್ದೇನೆ. ಎದುರಿನವರ ಅನುಮತಿ ಪಡೆದು, ನಿಮ್ಮ ಒಂದು ಗಂಟೆಯ ಸಂವಾದವನ್ನು ಧ್ವನಿಮುದ್ರಿಸಿಕೊಳ್ಳಿ. ಅನಂತರ ಕಾಗದದ ಮೇಲೆ ನಾಲ್ಕು ಕಂಬ ಎಳೆಯಿರಿ: ಮಾಹಿತಿ, ಪ್ರಶ್ನೆ, ಹೊಗಳಿಕೆ, ಅಸಮಾಧಾನ. ನೀವು ಆಡಿದ ಪ್ರತಿಯೊಂದು ವಾಕ್ಯಕ್ಕೂ ಸರಿಯಾದ ಕಂಬದಲ್ಲಿ ಒಂದು ಗೆರೆ ಹಾಕಿ. ಮೌನವಾಗಿದ್ದ ನಿಮಿಷಗಳನ್ನು ಬೇರೆಯಾಗಿ ಬರೆಯಿರಿ. ಲೆಕ್ಕ ಮುಗಿದ ಮೇಲೆ ನನಗೆ ತಿಳಿಸಿ. ಶೇಕಡಾವಾರು ತೆಗೆಯುವಾಗ ದಶಮಾಂಶ ಬಿಂದುವನ್ನು ಸರಿಯಾದ ಜಾಗದಲ್ಲಿ ಇಡುವುದನ್ನು ಮರೆಯಬೇಡಿ.